ತಾನಾಗಿ ಮಾಯುವ ಹುಣ್ಣು

ಸವದತ್ತಿಯಲ್ಲಿ, ಯಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರು ಜೋಗುಳಬಾವಿಯಲ್ಲಿ ಮೀಯುವರು. ಆ ನೀರಿನಿಂದ ಚರ್ಮರೋಗ ವಾಸಿಯಾಗುವುದೆಂಬ ನಂಬಿಕೆ ಹಳೆಯದು. ಭಕ್ತಿಯ ಚರ್ಚೆ ನಮಗೆ ಬೇಡ. ಒಂದು ಹುಣ್ಣಿನ ಮಾತನ್ನಷ್ಟೇ ಹೇಳುವೆವು.

ಹದಿನಾರನೆಯ ಶತಮಾನದ ‘ಭಾವಪ್ರಕಾಶ’ವು ಫಿರಂಗರೋಗವೆಂದು ಕರೆದ ಸಿಫಿಲಿಸ್ ಸಂಭೋಗದಿಂದ ಹರಡುವ ರೋಗ. ಅದರ ಸುರುಳಿಯಾಕಾರದ ಬ್ಯಾಕ್ಟೀರಿಯವನ್ನು 1905ರಲ್ಲಿ ಜರ್ಮನಿಯ ಶೌಡಿನ್ ಮತ್ತು ಹಾಫ್‌ಮನ್ ಕಂಡುಹಿಡಿದರು. ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ. ಮದ್ದಿಲ್ಲದೆಯೇ 3ರಿಂದ 6 ವಾರಗಳಲ್ಲಿ ಮಾಯುತ್ತದೆ. ಕೀರ್ತಿಯೆಲ್ಲ ಹಚ್ಚಿದ ಲೇಪಕ್ಕೋ ಮಿಂದ ನೀರಿಗೋ ಸಲ್ಲುತ್ತದೆ! ರೋಗಾಣುಗಳಾದರೋ ಶರೀರದಲ್ಲಿಯೇ ಉಳಿದು, ಹಲವು ವರ್ಷಗಳ ಮೇಲೆ ಹೃದಯವನ್ನೂ ಮಿದುಳನ್ನೂ ಕೆಡಿಸಬಲ್ಲವು; ಗರ್ಭದ ಶಿಶುವನ್ನು ಕೊಲ್ಲಬಲ್ಲವು.

1943ರಲ್ಲಿ ಅಮೆರಿಕದ ಮಹೋನಿಯವರು ಇದಕ್ಕೆ ಪೆನಿಸಿಲಿನ್ ಪ್ರಯೋಗಿಸಿ ಯಶಸ್ವಿಯಾದರು. ಈಗ ಆರಂಭದ ಹಂತದಲ್ಲಿ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್ಟುಗಳನ್ನು ಒಂದೇ ಸಲ ಚುಚ್ಚಿದರೆ ಸಾಕು. ನಿರೋಧ್ ಬಳಕೆಯಿಂದ ಸೋಂಕಿನ ಅಪಾಯ ಬಹಳ ತಗ್ಗುತ್ತದೆ.

ಈ ರೋಗದ ದೂರನ್ನು ದೇವದಾಸಿಯರ ಮೇಲೆ ಹೊರಿಸುವುದು ಸುಲಭ. ಮುತ್ತು ಕಟ್ಟುವುದನ್ನು 1982ರ ಕಾಯಿದೆ ನಿಷೇಧಿಸಿತು. ಗಂಡಸನ್ನು ರಕ್ತಪರೀಕ್ಷೆಗೆ ಕರೆತರುವ ಕಾಯಿದೆಯಾದರೋ ಇಲ್ಲ. ಗರ್ಭಿಣಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆಯುಂಟು. ಆಕೆಯಲ್ಲಿ ರೋಗ ಕಂಡಾಗ ಗಂಡನು ಹೊರಗಿನ ಬೆಂಚಿನಲ್ಲಿ ಕುಳಿತಿದ್ದರೆ ಸಾಲದು. ಸೋಂಕುಳ್ಳ ಗಂಡನು ಚುಚ್ಚುಮದ್ದು ಪಡೆಯದಿದ್ದರೆ, ಗುಣವಾದ ಹೆಂಡತಿಗೆ ಅದೇ ರೋಗ ಮರಳಿ ಅಂಟುವುದು.