ರಾಹುಲ್‌ಗೆ ಬೈಯುವ ಮೊದಲು...

ಶತಕ ಹೊಡೆದರೆ 'ನಮ್ಮ ಸುರತ್ಕಲ್ ಹುಡುಗ', ಬೇಗ ಔಟಾದರೆ 'ತೆಗೆದು ಹಾಕಿ ಅವನನ್ನು'. ನಮ್ಮ ಮಂಗಳೂರಿನವರದ್ದು ಇದೆಂತ ಅಭಿಮಾನ ಮಾರಾಯ್ರೆ?

2023ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಎರಡು ಟೆಸ್ಟಲ್ಲಿ ಕೆ.ಎಲ್. ರಾಹುಲ್ ಹೊಡೆದದ್ದು ಬರೀ 38 ರನ್. ಇಂದೋರ್ ಟೆಸ್ಟಿಗೆ ಕೈಬಿಟ್ಟರು, ಅದು ಸರಿಯೇ. ಆದರೆ 'ಇವನ ಕತೆ ಮುಗೀತು' ಅಂತ ಷರಾ ಬರೆದದ್ದು ನಾವೇ ತಾನೇ? ಅದೇ ಡಿಸೆಂಬರಲ್ಲಿ ಸೆಂಚುರಿಯನ್‌ನಲ್ಲಿ ಭಾರತ 245ಕ್ಕೆ ಆಲೌಟ್, ಅದರಲ್ಲಿ 101 ಅವನದ್ದು! (ಪಂದ್ಯ ಸೋತೆವು, ಬಿಡಿ.)

ವಿಶ್ವಕಪ್ ಫೈನಲಿನ 107 ಎಸೆತಗಳ 66 ನನಗೂ ಗಂಟಲಲ್ಲಿಳಿದಿಲ್ಲ. ಒಂದೇ ಬೌಂಡರಿ ಸ್ವಾಮೀ! ಆದರೆ 81ಕ್ಕೆ ಮೂರು ವಿಕೆಟ್ ಬಿದ್ದಲ್ಲಿ ಅವನೂ ಬ್ಯಾಟ್ ಬೀಸಿ ಔಟಾಗಿದ್ದರೆ 240 ಎಲ್ಲಿಂದ ಬರ್ತಿತ್ತು?

2025ರಲ್ಲಿ ಇಂಗ್ಲೆಂಡಲ್ಲಿ 532 ರನ್ ಬಾರಿಸಿದಾಗ ವಾಟ್ಸಾಪಲ್ಲಿ ಜೈಕಾರ ಹಾಕಿದ್ದೂ ಇದೇ ಜನ. ಇನ್ನೆರಡು ಸೊನ್ನೆ ಬರಲಿ, ಮತ್ತೆ ಶುರು ಮಾಡ್ತಾರೆ ನೋಡಿ...