ವಿಮಾನೇತಿಹಾಸಕ್ಕೆ ಅಧಿಕಾರಿ ಯಾರು?

ಇತಿಹಾಸವನ್ನು ಬರೆಯತಕ್ಕವನು ಪಂಡಿತನೇ ಹೊರತು ಯಂತ್ರವನ್ನು ನಡೆಯಿಸಿದವನಲ್ಲವೆಂದೂ, ಕೈಗೆ ಎಣ್ಣೆಯ ಮಸಿ ಹತ್ತಿದವನು ಬರೆದುದು ಬರಿಯ ನೆನಪಿನ ಕಂತೆಯೆಂದೂ ಹೇಳುವ ವಿದ್ವಾಂಸರು ಎಲ್ಲ ದೇಶಗಳಲ್ಲಿಯೂ ಉಂಟು. ಈ ಪೂರ್ವಪಕ್ಷವು ಎಷ್ಟು ದುರ್ಬಲವೆಂಬುದಕ್ಕೆ ಕೆನಡಾ ದೇಶದ ಫ್ರಾಂಕ್ ಎಲ್ಲಿಸನ ಬಾಳೇ ಸಾಕ್ಷಿ.

ಈತನು 1914ರಲ್ಲಿಯೇ ಕ್ಯಾಲ್ಗರಿಯ ಬಳಿ ಗೆಳೆಯನೊಡನೆ ಸಿದ್ಧಪಡಿಸಿದ ವಿಮಾನವನ್ನೇರಿ ಹಾರಿದವನು. 1920ರ ಅಕ್ಟೋಬರಿನಲ್ಲಿ ತುಪ್ಪುಳುದೊಗಲಿನ ವ್ಯಾಪಾರಿಯೊಬ್ಬನನ್ನು ವಿನ್ನಿಪೆಗ್ಗಿನಿಂದ ಉತ್ತರದ ದಿ ಪಾಸ್ ಎಂಬ ಊರಿಗೆ ಒಯ್ದ ವಿಮಾನಕ್ಕೆ ಹೆಕ್ಟರ್ ಡೂಗಲ್ ಚಾಲಕನು, ಎಲ್ಲಿಸನು ಯಂತ್ರಪಾಲಕನು. ಆ ದೇಶದ ಉತ್ತರಾರಣ್ಯದಲ್ಲಿ ಪ್ರಯಾಣಿಕರ ವಿಮಾನಯಾನಕ್ಕೆ ಅದೇ ನಾಂದಿ. ಹಾರಾಟದ ದಿನಗಳು ಕಳೆದ ಬಳಿಕ ಈತನು ಬರೆದ ‘ಕೆನಡಾಸ್ ಫ್ಲೈಯಿಂಗ್ ಹೆರಿಟೇಜ್’ ಎಂಬ ಗ್ರಂಥವು 1954ರಲ್ಲಿ ಹೊರಬಂದಿತು. ಅದನ್ನು ಪ್ರಕಟಿಸಿದುದು ಟೊರಾಂಟೊ ವಿಶ್ವವಿದ್ಯಾಲಯದ ಮುದ್ರಣಾಲಯವೇ! ವಿದ್ಯಾಪೀಠಕ್ಕೆ ಸಲ್ಲುವುದು ವಿದ್ಯಾಪೀಠದ ಅಭಿಮಾನಿಗಳಿಗೆ ಸಲ್ಲದಿರುವುದು ವಿಚಿತ್ರವಲ್ಲವೆ?

ಅರಣ್ಯವಿಮಾನಿಕನ ಜ್ಞಾನವು ಎಂತಹದೆಂಬುದನ್ನು ವಾಚಕರು ಗಮನಿಸಬೇಕು. ಚಳಿಗಾಲದ ಸಂಜೆ ವಿಮಾನವಿಳಿದೊಡನೆ ಯಂತ್ರದ ಎಣ್ಣೆಯನ್ನು ಬಿಸಿಯಾಗಿರುವಾಗಲೇ ಬಸಿದು ಗುಡಿಸಲಿಗೆ ಒಯ್ಯಬೇಕು. ಬೆಳಗ್ಗೆ ಅದನ್ನು ಒಲೆಯ ಮೇಲೆ ಕಾಯಿಸಿ, ಯಂತ್ರಕ್ಕೆ ಕ್ಯಾನ್ವಾಸು ಹೊದಿಸಿ ಕೆಳಗೆ ಬೆಂಕಿಯುರಿಸಿ ಬೆಚ್ಚಗಾಗಿಸಬೇಕು. ಇಲ್ಲವಾದರೆ ಎಣ್ಣೆ ಗಟ್ಟಿಯಾಗಿ ಯಂತ್ರವು ಮಿಸುಕದು. ‘ಹೊತ್ತೇರಿದ ಮೇಲೆ ಹೊರಟರು’ ಎಂಬ ವಾಕ್ಯವನ್ನು ಕಡತದಲ್ಲಿ ಕಂಡ ಪಂಡಿತನು ಆಲಸ್ಯವೆಂದು ಬಗೆದಾನು; ಎಣ್ಣೆ ಕಾಯಿಸಿದವನು ಹಾಗೆ ಬಗೆಯನು. 1929ರ ಜನವರಿಯಲ್ಲಿ ವಾಪ್ ಮೇ, ವಿಕ್ ಹಾರ್ನರ್ ಎಂಬಿಬ್ಬರು ಗಂಟಲಮಾರಿಯ ಔಷಧವನ್ನು ಎಡ್ಮಂಟನ್ನಿನಿಂದ ಫೋರ್ಟ್ ವರ್ಮಿಲಿಯನ್ನಿಗೆ ಮೇಲ್ಮುಚ್ಚಿಲ್ಲದ ಪುಟ್ಟ ವಿಮಾನದಲ್ಲಿ ಮುಟ್ಟಿಸಿದರು. ಆ ಸಾಹಸದ ತೂಕವನ್ನು ದೂರದ ಅಂಕಿಯೊಂದರಿಂದಲೇ ಅಳೆಯಲಾದೀತೆ?

ಸ್ಮೃತಿಯು ಪ್ರಮಾಣವಲ್ಲವೆಂಬುದು ನೈಯಾಯಿಕರ ಮತವಷ್ಟೆ, ಮುದುಕನ ನೆನಪನ್ನು ನಂಬುವುದೆಂತೆಂದು ಆಕ್ಷೇಪಿಸಬಹುದು. ಆಕ್ಷೇಪವು ಸಾಧುವಾದುದೇ. ಆದರೆ ಹಾರಾಟದವನ ಕೈಯಲ್ಲಿ ನೆನಪು ಮಾತ್ರವಿಲ್ಲ. ದಿನ, ವಿಮಾನದ ಗುರುತು, ಊರಿಂದೂರಿನ ದಾರಿ, ಹಾರಿದ ಗಂಟೆಗಳು ಇವನ್ನು ಆಯಾ ಹಾರಾಟದ ಬೆನ್ನಿಗೇ ಬರೆದಿಟ್ಟ ದಿನವಹಿಯೂ ಉಂಟು. ಅದು ಸ್ಮೃತಿಯಲ್ಲ, ಅನುಭವದ ಲೇಖ. ನೆನಪು ತಪ್ಪಿದಲ್ಲಿ ದಿನವಹಿ ತಿದ್ದುವುದು. ದಿನವಹಿ ಮೌನವಾದಲ್ಲಿ ಬರೆದವನೇ ಅರ್ಥ ಹೇಳಬೇಕು.

ಹಾಗೆ ಹೇಳಬಲ್ಲವರು ಸದಾಕಾಲ ಇರುವರೆ? ಎಲ್ಲಿಸನು 1979ರಲ್ಲಿ ತೀರಿಕೊಂಡನು. ಬರೆದುದರಿಂದ ಅವನ ತಿಳಿವು ಉಳಿಯಿತು. ಬರೆಯದೆ ಹೋದವರ ದಿನವಹಿ ಹಳೆಯ ಪೆಟ್ಟಿಗೆಯೊಡನೆ ಕಸಕ್ಕೆ ಬಿದ್ದರೆ ಯಾವ ಪಾಂಡಿತ್ಯವು ಅದನ್ನು ಮರಳಿ ತಂದೀತು? ಪಂಡಿತನು ಬೇಡವೆಂದು ಇಲ್ಲಿ ವಾದವಲ್ಲ. ಶೋಧಿಸುವ ಕೆಲಸ ಅವನದು. ಆದರೆ ಕಂಡವನು ಹೇಳದಿದ್ದರೆ ಶೋಧಿಸುವುದೇನನ್ನು? ಅಧಿಕಾರದ ಪ್ರಶ್ನೆಯನ್ನು ಎತ್ತುವವರು ಮೊದಲು ಆ ವೃದ್ಧರ ಬಾಗಿಲಿಗೆ ಹೋಗಲಿ.