ಬಾಲಕ್ಕೆ ಕಟ್ಟಿದ ದುಡ್ಡಷ್ಟೇ ರೇಸಲ್ಲ

ಸಾಮಾನ್ಯವಾಗಿ ಮೇ ತಿಂಗಳ ಮೊದಲ ಶನಿವಾರ ಅಮೆರಿಕದ ಲೂಯಿವಿಲ್‌ನಲ್ಲಿ ಕೆಂಟಕಿ ಡರ್ಬಿ ನಡೆಯುತ್ತದೆ. 1875ರಿಂದ ಒಂದು ವರ್ಷವೂ ತಪ್ಪಿಲ್ಲ. ಮೂರು ವರ್ಷದ ಕುದುರೆಗಳು, ಎರಡು ಕಿಲೋಮೀಟರ್, ಹೆಚ್ಚುಕಡಿಮೆ ಎರಡೇ ನಿಮಿಷ. ಗೆದ್ದ ಕುದುರೆಗೆ ಗುಲಾಬಿಯ ಹೊದಿಕೆ. ಆ ಎರಡು ನಿಮಿಷಕ್ಕಾಗಿ ತಳಿ ಬೆಳೆಸುವವರು, ಲಾಳ ಕಟ್ಟುವವರು, ಪಶುವೈದ್ಯರು ವರ್ಷಗಟ್ಟಲೆ ದುಡಿದಿರುತ್ತಾರೆ.

ನಮ್ಮ ಮಾಗಡಿಯ ಪಕ್ಕದ ಕುಣಿಗಲ್‌ನಲ್ಲೂ ಇದೇ ಕಸುಬು ಇದೆ. ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕಿದ ಫಾರಂ, ಮುಂದೆ ರೇಸಿನ ಕುದುರೆಗಳಿಗೆ ಹೆಸರಾಯಿತು. ನಾನೂರಕ್ಕೂ ಹೆಚ್ಚು ಎಕರೆ ಜಾಗ. 2024ರಲ್ಲಿ ಅಲ್ಲಿ ಟೌನ್‌ಶಿಪ್ ಮಾಡುವ ಮಾತು ಬಂದಾಗ ಊರಿನವರು ಬೇಡವೆಂದರು. ನಾನೂ ಅವರ ಕಡೆ. ಸೈಟು ಎಲ್ಲಾದರೂ ಸಿಗುತ್ತದೆ (ರಾಮನಗರದ ಸುತ್ತ ಈಗ ಕಾಣುವುದೇ ಅದು), ಅಂಥ ಹುಲ್ಲುಗಾವಲು ಮತ್ತೆ ಸಿಗದು.

ಕುದುರೆ ಅಂದರೆ ಸಾಕು, ಗೆಳೆಯರು ‘ಬಾಲಕ್ಕೆ ಎಷ್ಟು ಕಟ್ಟಿದೆ?’ ಅಂತಾರೆ. ಮೊಬೈಲ್ ಬೆಟ್ಟಿಂಗ್‌ನಲ್ಲಿ ಫೀಸಿನ ದುಡ್ಡು ಕಳೆದುಕೊಂಡವನಿಗೆ ಕುದುರೆಯ ಬಣ್ಣವೂ ಗೊತ್ತಿರುವುದಿಲ್ಲ! ಸರ್ಕಾರ ಫಾರಂ ಉಳಿಸಿ, ಅಲ್ಲೇ ಲಾಳ, ಆರೈಕೆ, ತಳಿ ಸಂವರ್ಧನೆಯ ತರಬೇತಿ ಶುರುಮಾಡಲಿ. ಮಾಗಡಿ, ಕುಣಿಗಲ್ ಹುಡುಗ ಹುಡುಗಿಯರಿಗೆ ಮೊದಲ ಸೀಟು ಕೊಡಲಿ.